ಕಣದ ಬಿಸಿಲು, ಮಂಜಿನ ಬಿಳುಪು: ಮ್ಯಾಕುಲಾ ತೊಂದರೆ ಇರುವವರಿಗೆ ಕೂಲಿಂಗ್ ಗ್ಲಾಸ್ ಆರಿಸುವುದು

ಕೊಡಗಿನಲ್ಲಿ ಜನವರಿ ತಿಂಗಳ ಮಧ್ಯಾಹ್ನ ಕಾಫಿ ಒಣಗಿಸುವ ಕಣದ ನಡುವೆ ನಿಂತರೆ ಬೆಳಕು ಮೇಲಿನಿಂದ ಮಾತ್ರ ಬರುವುದಿಲ್ಲ. ಬಿಳಿಚಿದ ಸಿಮೆಂಟು ನೆಲ ಅದನ್ನು ಕೆಳಗಿನಿಂದ ಎರಚುತ್ತದೆ, ಗೋದಾಮಿನ ತಗಡು ಪಕ್ಕದಿಂದ ಎರಚುತ್ತದೆ, ಟಾರ್ಪಾಲಿನ ಒಂದು ಮಡಿಕೆ ಕನ್ನಡಿಯ ಚೂರಿನಂತೆ ಮಿಂಚುತ್ತಿರುತ್ತದೆ. ಕಣ್ಣಿಗೆ ನಡುದೃಷ್ಟಿ ಕೊಡುವ ಮ್ಯಾಕುಲಾ ಕೆಟ್ಟಿರುವವರಿಗೆ ಆ ಹೊತ್ತಿನಲ್ಲಿ ಎದುರಿಗಿರುವುದೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಗಿ, ಕಾಫಿ ಹರವುವ ಹಲಗೆಯೂ ಕಾಣುವುದಿಲ್ಲ, ಕಣದ ಅಂಚಿನ ಕಟ್ಟೆಯೂ ಕಾಣುವುದಿಲ್ಲ. ಆಗ ಹೆಚ್ಚಿನವರು ಮಾಡುವುದು ಒಂದೇ: ಅಂಗಡಿಗೆ ಹೋಗಿ "ಇರೋದರಲ್ಲಿ ಕಪ್ಪಗಿರೋದು ಕೊಡಿ" ಎಂದು ತರುತ್ತಾರೆ. ಉರಿ ನಿಲ್ಲುತ್ತದೆ, ಕಟ್ಟೆ ಮಾತ್ರ ಕಾಣುವುದೇ ಇಲ್ಲ. ಮೊದಲು ಬೆಳಕಿನಲ್ಲಿ ಎಡವುತ್ತಿದ್ದವರು ಈಗ ಕತ್ತಲಲ್ಲಿ ಎಡವುತ್ತಾರೆ.

ಕಣ್ಣನ್ನು ಕುಕ್ಕುವ ಬೆಳಕನ್ನು ತಡೆಯಬೇಕು, ನೋಡುವುದಕ್ಕೆ ಬೇಕಾದ ಬೆಳಕನ್ನು ಉಳಿಸಬೇಕು. ಈ ಎರಡನ್ನೂ ಮಾಡುವ ಗ್ಲಾಸು ಬೇರೆಯೇ ಇದೆ. ಅದು ತೀರಾ ಕಪ್ಪಗಿರುವುದಿಲ್ಲ, ಬೆಲೆಬಾಳುವ ಬ್ರ್ಯಾಂಡೇ ಆಗಿರಬೇಕೆಂದೂ ಇಲ್ಲ.

ಮ್ಯಾಕುಲಾ ಎಂದರೆ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರದ, ನಟ್ಟನಡುವಿನ, ಸುಮಾರು 5 ಮಿಲಿಮೀಟರ್ ಅಗಲದ ಜಾಗ. ಮುಖ ಗುರುತಿಸುವುದು, ಪೇಪರ್ ಓದುವುದು, ಹಣ್ಣು ಕಾಫಿಯನ್ನು ಕಾಯಿಯಿಂದ ಬೇರೆ ಮಾಡುವುದು, ಎಲ್ಲವೂ ಈ ಚುಕ್ಕೆಯಷ್ಟು ಜಾಗದ ಕೆಲಸ. ವಯಸ್ಸಿನಿಂದ ಅದು ಸವೆಯಬಹುದು, ಸಕ್ಕರೆ ಕಾಯಿಲೆಯಿಂದ ಅಲ್ಲಿ ನೀರು ತುಂಬಿ ಊದಿಕೊಳ್ಳಬಹುದು, ಸ್ಟಾರ್ಗಾರ್ಟ್‌ನಂಥ ವಂಶವಾಹಿ ಕಾಯಿಲೆಯಿಂದ ಚಿಕ್ಕ ವಯಸ್ಸಿನಲ್ಲೇ ಹಾಳಾಗಬಹುದು. ಕಾರಣ ಯಾವುದೇ ಇರಲಿ, ಬೆಳಕಿನ ಮಟ್ಟಿಗೆ ಮೂರು ಕಷ್ಟ ಬರುತ್ತವೆ. ಬಣ್ಣ ಬಣ್ಣದ ನಡುವಿನ, ಅಂಚು ಅಂಚಿನ ನಡುವಿನ ವ್ಯತ್ಯಾಸ ಮಾಸುತ್ತದೆ. ಒಮ್ಮೆ ಜೋರು ಬೆಳಕು ಬಿದ್ದರೆ ಕಣ್ಣು ಸುಧಾರಿಸಿಕೊಳ್ಳುವುದಕ್ಕೆ ತುಂಬ ಹೊತ್ತು ಬೇಕಾಗುತ್ತದೆ. ಆರೋಗ್ಯವಾದ ಕಣ್ಣು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಸರಿಹೋದರೆ, ಮ್ಯಾಕುಲಾ ಕೆಟ್ಟ ಕಣ್ಣಿಗೆ ಕೆಲವು ನಿಮಿಷವೇ ಹಿಡಿಯಬಹುದು. ಮೂರನೆಯದು, ಬಿಸಿಲಿನಿಂದ ಕತ್ತಲೆಗೆ ಹೊಂದಿಕೊಳ್ಳುವುದೂ ನಿಧಾನ. ಜೊತೆಗೆ ಪೊರೆಯೂ ಬಂದಿದ್ದರೆ ಕಣ್ಣೊಳಗೇ ಬೆಳಕು ಚದುರಿ ಎಲ್ಲದರ ಮೇಲೂ ಮುಸುಕು ಹಾಕಿದಂತಾಗುತ್ತದೆ. ಆದ್ದರಿಂದ ಗ್ಲಾಸು ಕೊಳ್ಳುವ ಮೊದಲು ಪೊರೆ ಎಷ್ಟಿದೆ, ಕಣ್ಣು ಒಣಗಿದೆಯೇ, ಪವರ್ ಬದಲಾಗಿದೆಯೇ ಎಂದು ತೋರಿಸಿಕೊಳ್ಳಿ. ಬೆಳಕು ಕಂಡರೆ ಕಣ್ಣು ನೋಯುತ್ತದೆ, ಕೆಂಪಾಗುತ್ತದೆ ಎಂದಾದರೆ ಅದು ಬೇರೆಯೇ ಕಾಯಿಲೆಯ ಲಕ್ಷಣವಾಗಿರಬಹುದು. ಅದನ್ನು ಕಪ್ಪು ಗ್ಲಾಸಿನ ಹಿಂದೆ ಅಡಗಿಸಬೇಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಕೂಲಿಂಗ್ ಗ್ಲಾಸ್ ಮ್ಯಾಕುಲಾ ಕಾಯಿಲೆಗೆ ಔಷಧಿ ಅಲ್ಲ. ಹೋದ ನೋಟ ಅದರಿಂದ ಮರಳುವುದಿಲ್ಲ. ಅಂಗಡಿಗಳಲ್ಲಿ ಈಗ ಎಲ್ಲ ಕನ್ನಡಕಕ್ಕೂ "ಬ್ಲೂ ಕಟ್ (ನೀಲಿ ಬೆಳಕು ತಡೆಯುವ ಲೇಪ) ಹಾಕಿಸಿ, ರೆಟಿನಾ ಉಳಿಯುತ್ತೆ" ಎನ್ನುತ್ತಾರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ ಇಂಥ ಕನ್ನಡಕಗಳ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದಾಗ, ಮ್ಯಾಕುಲಾವನ್ನು ಅವು ಕಾಯುತ್ತವೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ಆ ತೆಳು ಬ್ಲೂ ಕಟ್ ಲೇಪಕ್ಕೂ, ಕೋರೈಸುವುದನ್ನು ತಡೆಯುವ ಗಾಢ ಹಳದಿ-ಕಿತ್ತಳೆ ಫಿಲ್ಟರಿಗೂ ಸಂಬಂಧವೇ ಇಲ್ಲ. ಒಂದರ ಹೆಸರಿನಲ್ಲಿ ಇನ್ನೊಂದಕ್ಕೆ ದುಡ್ಡು ಕೊಡಬೇಡಿ.

ಮೊದಲು ಆಕಾರ, ಆಮೇಲೆ ಬಣ್ಣ

ಅಂಗಡಿಯಲ್ಲಿ ಎಲ್ಲರೂ ಮೊದಲು ನೋಡುವುದು ಗಾಜಿನ ಬಣ್ಣವನ್ನು. ನಮ್ಮ ಪ್ರಕಾರ ಮೊದಲು ನೋಡಬೇಕಾದದ್ದು ಫ್ರೇಮಿನ ಆಕಾರವನ್ನು. ಗಾಜು ಎಷ್ಟೇ ಚೆನ್ನಾಗಿದ್ದರೂ ಹುಬ್ಬಿನ ಮೇಲಿನ ಸಂದಿಯಿಂದ, ಕಪಾಲದ ಪಕ್ಕದಿಂದ ಬೆಳಕು ನುಗ್ಗಿದರೆ ಪ್ರಯೋಜನವಿಲ್ಲ. ಎದುರಿನ ಗಾಜು ಕಪ್ಪಗಿದ್ದಷ್ಟೂ ಅದರ ಹಿಂದೆ ಕಣ್ಣಿನ ಪಾಪೆ ಅರಳುತ್ತದೆ, ಪಕ್ಕದಿಂದ ಬಂದ ಬೆಳಕು ಅಷ್ಟೇ ಸಲೀಸಾಗಿ ಒಳಗೆ ಹೋಗುತ್ತದೆ.

ಪರೀಕ್ಷೆ ಸುಲಭ. ಗ್ಲಾಸು ಹಾಕಿಕೊಂಡು ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿ. ಗಾಜಿನ ಒಳಮೈಯಲ್ಲಿ ನಿಮ್ಮದೇ ಕಣ್ಣು ಅಥವಾ ಕೆನ್ನೆ ಪ್ರತಿಫಲಿಸಿ ಕಂಡರೆ ಹಿಂದಿನಿಂದ ಬೆಳಕು ಬರುತ್ತಿದೆ ಎಂದರ್ಥ. ಆಮೇಲೆ ಜೊತೆಯಲ್ಲಿದ್ದವರಿಗೆ ಪಕ್ಕದಿಂದ, ಮೇಲಿನಿಂದ ನೋಡಲು ಹೇಳಿ. ಹುಬ್ಬು ಮತ್ತು ಫ್ರೇಮಿನ ನಡುವೆ ಬೆರಳು ಹೋಗುವಷ್ಟು ಜಾಗ ಕಂಡರೆ ಆ ಫ್ರೇಮು ಬಿಡಿ. ಗಾಜಿನ ಒಳಮೈಗೆ ಆ್ಯಂಟಿ ರಿಫ್ಲೆಕ್ಷನ್ ಲೇಪ ಇದ್ದರೆ ಈ ಹಿಂದಿನ ಪ್ರತಿಫಲನ ಬಹಳ ಕಡಿಮೆಯಾಗುತ್ತದೆ. ಲೇಪ ಹಾಕಿಸುವುದಾದರೆ ಒಳಮೈಗೂ ಇದೆಯೇ ಎಂದು ಕೇಳಿ.

ಮುಖವನ್ನು ಸುತ್ತುವಂಥ ರ‍್ಯಾಪ್‌ಅರೌಂಡ್ ಫ್ರೇಮು ಒಳ್ಳೆಯದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ನಡುದೃಷ್ಟಿ ಹೋದವರು ಓರೆಗಣ್ಣಿನಲ್ಲಿ, ಅಂದರೆ ರೆಟಿನಾದ ಅಂಚಿನಿಂದ ನೋಡುವುದನ್ನು ರೂಢಿಸಿಕೊಂಡಿರುತ್ತಾರೆ. ಪಕ್ಕದ ನೋಟವೇ ಅವರಿಗೆ ಉಳಿದ ಆಸ್ತಿ. ಅಗಲವಾದ ಪ್ಲಾಸ್ಟಿಕ್ ಕಡ್ಡಿ ಇರುವ ಫ್ರೇಮು ಬೆಳಕನ್ನು ತಡೆಯುವ ಹಾಗೆಯೇ ಪಕ್ಕದಿಂದ ಬರುವ ಜೀಪನ್ನೂ ತಡೆಯುತ್ತದೆ. ಆದ್ದರಿಂದ ಪಕ್ಕದ ಮರೆ ಮುಚ್ಚಿದ ಪ್ಲಾಸ್ಟಿಕ್ ಆಗಿರಬಾರದು, ಎದುರಿನ ಗಾಜಿನ ಬಣ್ಣದ್ದೇ ಪಾರದರ್ಶಕ ಕಿಟಕಿ ಆಗಿರಬೇಕು.

ಪವರ್ ಕನ್ನಡಕ ಹಾಕುವವರಿಗೆ ಅದರ ಮೇಲೇ ತೊಡುವ ಫಿಟ್‌ಓವರ್ ಎಲ್ಲಕ್ಕಿಂತ ಉಪಯೋಗ. ಮೇಲೆ, ಪಕ್ಕ, ಕೆಳಗೆ ಮೂರೂ ಕಡೆ ಮುಚ್ಚುತ್ತದೆ, ಪವರ್ ಬದಲಾದರೂ ಹೊಸದು ಕೊಳ್ಳಬೇಕಿಲ್ಲ. ತರಿಸುವ ಮೊದಲು ನಿಮ್ಮ ಕನ್ನಡಕವನ್ನು ಸ್ಕೇಲಿಟ್ಟು ಅಳೆಯಿರಿ: ಎಡಕೀಲಿನಿಂದ ಬಲಕೀಲಿನವರೆಗಿನ ಪೂರ್ತಿ ಅಗಲ, ಗಾಜಿನ ಅತಿ ಎತ್ತರದ ಜಾಗ. ಎರಡನ್ನೂ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಕಡ್ಡಿಯ ಒಳಗೆ ಅಚ್ಚಾಗಿರುವ 52, 18, 140 ಎಂಬಂಥ ಸಂಖ್ಯೆಗಳು ಒಂದು ಗಾಜಿನ ಅಗಲ, ಮೂಗಿನ ಸೇತುವೆ ಮತ್ತು ಕಡ್ಡಿಯ ಉದ್ದ. ಪೂರ್ತಿ ಫ್ರೇಮಿನ ಅಗಲ ಅದರಲ್ಲಿ ಇರುವುದಿಲ್ಲ. ಅಲ್ಲೇ ಹೆಚ್ಚಿನವರು ತಪ್ಪುವುದು, ತರಿಸಿದ ಮೇಲೆ ಒಳಗಿನ ಕನ್ನಡಕದ ಕೀಲು ತಾಗಿ ಫಿಟ್‌ಓವರ್ ಮೇಲಕ್ಕೆ ಎದ್ದು ನಿಲ್ಲುತ್ತದೆ. ಒಳಗಿನ ಕನ್ನಡಕ ಎಲ್ಲೂ ಉಜ್ಜಬಾರದು, ತಲೆ ಬಗ್ಗಿಸಿದಾಗ ಜಾರಬಾರದು.

ಸುತ್ತುವ ಫ್ರೇಮಿಗೇ ಪವರ್ ಹಾಕಿಸುವ ಆಸೆ ಇದ್ದರೆ, ಪವರ್ ಹೆಚ್ಚಿದ್ದವರು ಎಚ್ಚರ ವಹಿಸಬೇಕು. ಬಾಗಿದ ಗಾಜಿನಲ್ಲಿ ಪವರ್ ಲೆಕ್ಕ ತಿದ್ದಿ ತಯಾರಿಸದಿದ್ದರೆ ನೆಲ ಏರಿಳಿದಂತೆ ಕಾಣುತ್ತದೆ. ಮೊದಲೇ ಗೆರೆ ಸೊಟ್ಟಗೆ ಕಾಣುವ ಕಣ್ಣಿಗೆ ಇದೊಂದು ಹೊಸ ಗೊಂದಲ. ಕ್ಲಿಪ್ ಹಾಕುವುದು ಅಗ್ಗ, ಆದರೆ ಮೇಲೆ ಪಕ್ಕ ಎಲ್ಲ ತೆರೆದಿರುತ್ತದೆ. ತಾತ್ಕಾಲಿಕಕ್ಕೆ ಸಾಕು.

ಇವೆಲ್ಲಕ್ಕಿಂತ ಮೊದಲು ಟೋಪಿ. ಕೊಡಗು ಇರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆ ವಾರಕ್ಕೂ ಆಗಸ್ಟ್ ಮೂರನೇ ವಾರಕ್ಕೂ ನಡುಹಗಲಿನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆ ಬೆಳಕನ್ನು ಗಾಜಿಗಿಂತ ಚೆನ್ನಾಗಿ ತಡೆಯುವುದು 7ರಿಂದ 8 ಸೆಂಟಿಮೀಟರ್ ಅಂಚಿನ ಟೋಪಿ. ಅಂಚಿನ ಕೆಳಮೈ ಕಡುಹಸಿರೋ ಕಪ್ಪೋ ಇರಲಿ. ಬಿಳಿ ಇದ್ದರೆ ಕಣದಿಂದ ಎದ್ದ ಬೆಳಕನ್ನು ಅದೇ ಮತ್ತೆ ಕಣ್ಣಿಗೆ ಕಳಿಸುತ್ತದೆ. ತಲೆಗೆ ಸುತ್ತಿದ ಟವೆಲ್ ನೆತ್ತಿ ತಂಪಾಗಿಡುತ್ತದೆ ಅಷ್ಟೇ, ಕಣ್ಣಿಗೆ ನೆರಳು ಕೊಡುವುದಿಲ್ಲ.

ಎಷ್ಟು ಕಪ್ಪು

ಗಾಜು ಎಷ್ಟು ಬೆಳಕನ್ನು ಒಳಗೆ ಬಿಡುತ್ತದೆ ಎನ್ನುವುದಕ್ಕೆ ಐಎಸ್‌ಒ 12312-1 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಲ್ಲಿ 0ಯಿಂದ 4ರವರೆಗೆ ಐದು ಕೆಟಗರಿ. 0 ಎಂದರೆ ನೂರರಲ್ಲಿ 80 ಪಾಲಿಗಿಂತ ಹೆಚ್ಚು ಬೆಳಕು ಒಳಗೆ ಬರುತ್ತದೆ. 1 ಎಂದರೆ 43ರಿಂದ 80, 2 ಎಂದರೆ 18ರಿಂದ 43, 3 ಎಂದರೆ 8ರಿಂದ 18. ಕೆಟಗರಿ 4ರಲ್ಲಿ ಬರೀ 3ರಿಂದ 8 ಪಾಲು. ಅದನ್ನು ಹಾಕಿಕೊಂಡು ಗಾಡಿ ಓಡಿಸುವಂತಿಲ್ಲ. ಒಳ್ಳೆಯ ಗ್ಲಾಸಿನ ಕಡ್ಡಿಯ ಒಳಗೆ ಅಥವಾ ಚೀಟಿಯಲ್ಲಿ ಈ ಸಂಖ್ಯೆ ಇರುತ್ತದೆ. ಇಲ್ಲದಿದ್ದರೆ ಕನ್ನಡಿ ಮುಂದೆ ನಿಂತು ನೋಡಿ: ಕಣ್ಣು ಸ್ಪಷ್ಟವಾಗಿ ಕಂಡರೆ ಸುಮಾರು ಕೆಟಗರಿ 1, ಮಬ್ಬಾಗಿ ಕಂಡರೆ 2, ಕಣ್ಣಿನ ಆಕಾರವಷ್ಟೇ ಹೊಳೆದರೆ 3. ಇದು ಅಂದಾಜಿನ ಲೆಕ್ಕ, ಕನ್ನಡಕದ ಅಂಗಡಿಯಲ್ಲಿ ಅಳೆಯುವ ಯಂತ್ರವಿದ್ದರೆ ಅದೇ ಮೇಲು.

ಆಯ್ಕೆ ಮಾಡುವಾಗ ತಿಳಿಯಿಂದ ಕಪ್ಪಿನ ಕಡೆಗೆ ಹೋಗಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಾಲೀಕರನ್ನು ಕೇಳಿಕೊಂಡು ಹೊರಗೆ ರಸ್ತೆಗೆ ಬನ್ನಿ, ಸಾಧ್ಯವಾದರೆ ಹನ್ನೊಂದರಿಂದ ಮೂರರ ಒಳಗೆ. ಮೊದಲು ಕೆಟಗರಿ 1, ಆಮೇಲೆ 2, ಆಮೇಲೆ 3. ಪ್ರತಿಯೊಂದನ್ನೂ ಕನಿಷ್ಠ ಎರಡು ಮೂರು ನಿಮಿಷ ಹಾಕಿಕೊಳ್ಳಿ, ಯಾಕೆಂದರೆ ನಿಮ್ಮ ಕಣ್ಣು ಹೊಂದಿಕೊಳ್ಳುವುದೇ ನಿಧಾನ. ಆಕಾಶ ನೋಡಬೇಡಿ, ನೆಲ ನೋಡಿ. ಚರಂಡಿಯ ಅಂಚು, ಮೆಟ್ಟಿಲಿನ ಮೂಲೆ, ಎದುರಿಗೆ ಬರುವವರ ಮುಖ. ಹುಬ್ಬು ಗಂಟಿಕ್ಕುವುದು ನಿಂತ ಕೂಡಲೇ ಅಲ್ಲಿಗೆ ನಿಲ್ಲಿ, ಅದಕ್ಕಿಂತ ಕಪ್ಪು ಬೇಡ. ಕೊನೆಗೆ ಗ್ಲಾಸು ತೆಗೆಯದೆ ಅಂಗಡಿಯೊಳಗೆ ಒಂದು ಹೆಜ್ಜೆ ಇಟ್ಟು, ನೆಲ ಕಾಣುತ್ತದೆಯೇ ನೋಡಿ.

ಕಪ್ಪುಗಳು ಕೂಡುವುದಿಲ್ಲ, ಗುಣಿಸುತ್ತವೆ. ನೂರಕ್ಕೆ 30 ಪಾಲು ಬಿಡುವ ಬಣ್ಣದ ಪವರ್ ಕನ್ನಡಕದ ಮೇಲೆ 15 ಪಾಲು ಬಿಡುವ ಫಿಟ್‌ಓವರ್ ತೊಟ್ಟರೆ ಕಣ್ಣಿಗೆ ಬರುವುದು 4.5 ಪಾಲು ಮಾತ್ರ. ಗೊತ್ತಿಲ್ಲದೆಯೇ ಕೆಟಗರಿ 4ಕ್ಕೆ ಹೋದಿರಿ. ಸ್ಕೂಟರಿನಲ್ಲಿ ಹೋಗುವವರು ಹೊಗೆಬಣ್ಣದ ಹೆಲ್ಮೆಟ್ ವೈಸರಿನ ಹಿಂದೆ ಕೂಲಿಂಗ್ ಗ್ಲಾಸ್ ಹಾಕಿದರೂ ಇದೇ ಕಥೆ. ಗೀಚು ಬಿದ್ದ ವೈಸರಂತೂ ತಾನೇ ಬೆಳಕನ್ನು ಚದುರಿಸುತ್ತದೆ, ಅದನ್ನು ಬದಲಿಸಿದರೆ ಅರ್ಧ ತೊಂದರೆ ಹೋಗುತ್ತದೆ.

ಅತಿನೇರಳೆ ಕಿರಣದ ವಿಷಯ ಬೇರೆ. ಕಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ತಿಳಿಗಾಜೂ ಅದನ್ನು ಪೂರ್ತಿ ತಡೆಯಬಲ್ಲದು, ಕಪ್ಪು ಪ್ಲಾಸ್ಟಿಕ್ಕು ಬಿಟ್ಟುಬಿಡಬಹುದು. ಯುವಿ 400 ಎಂದು ಬರೆದಿದ್ದರೆ 400 ನ್ಯಾನೋಮೀಟರ್‌ವರೆಗಿನ ಕಿರಣಕ್ಕೆ ತಡೆ. ಪಾಲಿಕಾರ್ಬೊನೇಟ್ ಗಾಜು ಸ್ವಭಾವತಃ ಹೆಚ್ಚಿನದನ್ನು ತಡೆಯುತ್ತದೆ. ಸಮುದ್ರಮಟ್ಟದಿಂದ ಪ್ರತಿ ಸಾವಿರ ಮೀಟರ್ ಏರಿದಂತೆ ಅತಿನೇರಳೆ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ, ಮಡಿಕೇರಿ ಸಾವಿರಕ್ಕೂ ಮೇಲೆ ಇದೆ. ತೆಳುಮೋಡ ಇದ್ದರೂ ಅದು ಬರುತ್ತದೆ. ಕೆಲವರು ನೋಟು ಪರೀಕ್ಷಿಸುವ ನೇರಳೆ ಟಾರ್ಚನ್ನು ಗಾಜಿನ ಮೂಲಕ ಐನೂರರ ನೋಟಿನ ಮೇಲೆ ಬಿಟ್ಟು, ನೋಟಿನ ಹೊಳಪು ಮಾಯವಾದರೆ ಗಾಜು ಒಳ್ಳೆಯದು ಎನ್ನುತ್ತಾರೆ. ಉಪಾಯ ಸರಿ, ಟಾರ್ಚು ಸರಿಯಿರಬೇಕು. 365 ನ್ಯಾನೋಮೀಟರಿನದಾದರೆ ನಂಬಬಹುದು. ಅಗ್ಗದ ಟಾರ್ಚುಗಳು ಹೆಚ್ಚಾಗಿ 395ರವು, ಕಣ್ಣಿಗೆ ಕಾಣುವ ನೇರಳೆಯನ್ನೂ ಸೂಸುತ್ತವೆ, ಒಳ್ಳೆಯ ಗಾಜಿನಲ್ಲೂ ಸ್ವಲ್ಪ ನುಸುಳುತ್ತವೆ. ಒಳ್ಳೆಯ ಗ್ಲಾಸನ್ನು ಕೆಟ್ಟದ್ದೆಂದು ಎಸೆಯುವುದು ಹೀಗೆಯೇ.

ಬಣ್ಣ

ನೀಲಿ ಬೆಳಕು ಕಣ್ಣೊಳಗೆ ಹೆಚ್ಚು ಚದುರುತ್ತದೆ. ಅದನ್ನು ಕತ್ತರಿಸುವ ಹಳದಿ, ಅಂಬರ್, ಕಿತ್ತಳೆ, ಕಂದು ಬಣ್ಣದ ಗಾಜಿನಲ್ಲಿ ಅಂಚುಗಳು ಎದ್ದು ಕಾಣುತ್ತವೆ ಎಂದು ಮ್ಯಾಕುಲಾ ತೊಂದರೆ ಇರುವ ಬಹಳ ಜನ ಹೇಳುತ್ತಾರೆ. ಬೂದುಬಣ್ಣ ಎಲ್ಲ ಬಣ್ಣವನ್ನೂ ಸಮನಾಗಿ ಕಡಿಮೆ ಮಾಡುತ್ತದೆ, ಬಣ್ಣ ಬದಲಾಗುವುದಿಲ್ಲ, ಆದರೆ ಅಂಚು ತೀಡಿಕೊಡುವುದಿಲ್ಲ. ಕೆಲವರಿಗೆ ಬದನೆಬಣ್ಣ ಹಿತ. ಯಾರಿಗೆ ಯಾವುದು ಎನ್ನುವುದನ್ನು ಕಾಯಿಲೆಯ ಹೆಸರಿನಿಂದ ಹೇಳಲಾಗುವುದಿಲ್ಲ. ಒಂದೇ ಮನೆಯ ಅಣ್ಣ ತಮ್ಮಂದಿರು ಒಂದೇ ಕಾಯಿಲೆಗೆ ಬೇರೆ ಬೇರೆ ಬಣ್ಣ ಆರಿಸಬಹುದು. ಹಾಕಿ ನೋಡುವುದೊಂದೇ ದಾರಿ. ಲೋ ವಿಷನ್ (ದೃಷ್ಟಿ ಕಡಿಮೆ ಇರುವವರಿಗೆ ನೆರವಾಗುವ) ವಿಭಾಗ ಇರುವ ಕಣ್ಣಾಸ್ಪತ್ರೆಗಳಲ್ಲಿ ಇಂಥ ಫಿಲ್ಟರುಗಳ ಪೂರ್ತಿ ಸೆಟ್ ಇಟ್ಟು ಹೊರಗೆ ಕರೆದೊಯ್ದು ತೋರಿಸುತ್ತಾರೆ. ಕೆಲವು ಫಿಲ್ಟರುಗಳ ಮೇಲೆ 450, 511, 527, 550 ಎಂಬ ಸಂಖ್ಯೆ ಇರುತ್ತದೆ: ಅಷ್ಟು ನ್ಯಾನೋಮೀಟರಿಗಿಂತ ಕಡಿಮೆಯ ಬೆಳಕನ್ನು ಅದು ಬಹುತೇಕ ಕತ್ತರಿಸುತ್ತದೆ. 450 ತಿಳಿಹಳದಿ, 550 ಕೆಂಪಿಗೆ ಹತ್ತಿರದ ಗಾಢ ಕಿತ್ತಳೆ.

ಬಣ್ಣ ಗಾಢವಾದಂತೆ ಕೊಡುವುದೂ ಇದೆ, ಕಸಿಯುವುದೂ ಇದೆ. ಗಾಢ ಕಿತ್ತಳೆಯಲ್ಲಿ ಹಸಿರು ಎಲೆ ಕಪ್ಪಾಗಿ ಹಣ್ಣು ಕಾಫಿ ಕೆಂಡದ ಹಾಗೆ ಎದ್ದು ಕಾಣುತ್ತದೆ. ಅದೇ ಗ್ಲಾಸಿನಲ್ಲಿ ಸಂತೆಗೆ ಹೋದರೆ ಐವತ್ತರ ನೀಲಿ ನೋಟು, ನೂರರ ಲ್ಯಾವೆಂಡರ್ ನೋಟು, ಐನೂರರ ಬೂದು ನೋಟು ಮೂರೂ ಒಂದೇ ಮಾಸಲು ಬಣ್ಣಕ್ಕೆ ಬರುತ್ತವೆ. ಮಾತ್ರೆಗಳೂ ಹಾಗೆಯೇ, ಬಿಳಿ ಯಾವುದು ಹಳದಿ ಯಾವುದು ತಿಳಿಯುವುದಿಲ್ಲ. ದುಡ್ಡು ಎಣಿಸುವಾಗ, ಮಾತ್ರೆ ತೆಗೆದುಕೊಳ್ಳುವಾಗ ಗ್ಲಾಸು ತೆಗೆಯಲೇಬೇಕು. ನೋಟಿಗೆ ರಿಸರ್ವ್ ಬ್ಯಾಂಕಿನ ಮನಿ ಎಂಬ ಆ್ಯಪ್ ಇದೆ, ಕ್ಯಾಮೆರಾ ತೋರಿಸಿದರೆ ಎಷ್ಟರ ನೋಟೆಂದು ಹೇಳುತ್ತದೆ. ಇನ್ನು ಗಾಢ ಕಿತ್ತಳೆ ಹಾಕಿ ಗಾಡಿ ಓಡಿಸಬಾರದು; ಸಿಗ್ನಲ್ ಬಣ್ಣಗಳು ಕಲಸಿಹೋಗುತ್ತವೆ. ಗಾಡಿ ಓಡಿಸುವಷ್ಟು ದೃಷ್ಟಿ ಉಳಿದಿದೆಯೇ ಎನ್ನುವುದನ್ನು ಡಾಕ್ಟರೇ ಹೇಳಬೇಕು.

ಪೋಲರೈಸ್ಡ್ ಎಲ್ಲಿ ಕೆಲಸ ಮಾಡುತ್ತದೆ

ಪೋಲರೈಸ್ಡ್ ಗ್ಲಾಸಿನ ಬಗ್ಗೆ ಅಂಗಡಿಯವರು ಹೇಳುವುದರಲ್ಲಿ ಅರ್ಧ ನಿಜ. ಮಟ್ಟಸವಾದ ಹೊಳೆಯುವ ಮೈಯಿಂದ ಓರೆಯಾಗಿ ಹೊಮ್ಮುವ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಈ ಗಾಜು ಆ ದಿಕ್ಕನ್ನೇ ಅಳಿಸುತ್ತದೆ. ನೀರಿನ ಮಟ್ಟಿಗೆ ಇದು ಅತ್ಯಂತ ಚೆನ್ನಾಗಿ ನಡೆಯುವುದು ಬೆಳಕು ಲಂಬರೇಖೆಗೆ ಸುಮಾರು 53 ಡಿಗ್ರಿ ಓರೆಯಲ್ಲಿ ಬಿದ್ದಾಗ. ಅಂದರೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಸಂಜೆ ಮೂರೂವರೆ ನಾಲ್ಕಕ್ಕೆ, ನೀರು ನಿಂತ ನಾಟಿ ಗದ್ದೆಯ ಬದುವಿನಲ್ಲಿ, ಹಾರಂಗಿ ಹಿನ್ನೀರಿನ ದಡದಲ್ಲಿ, ದುಬಾರೆಯ ಹೊಳೆಯಲ್ಲಿ ಪೋಲರೈಸ್ಡ್ ನಿಜಕ್ಕೂ ವರ. ಬೆಳ್ಳಿ ತಗಡಿನಂತೆ ಕಾಣುತ್ತಿದ್ದ ನೀರು ಸರಿದು ಪೈರಿನ ಸಾಲು ಕಾಣತೊಡಗುತ್ತದೆ. ಪ್ಲಾಸ್ಟಿಕ್ ಟಾರ್ಪಾಲಿನ ಹೊಳಪನ್ನೂ ಅದು ತಗ್ಗಿಸುತ್ತದೆ.

ಸಿಮೆಂಟಿನ ಕಣಕ್ಕೆ ಬಂದರೆ ಕಥೆ ಬೇರೆ. ಒರಟು ಒಣ ನೆಲದಿಂದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ, ಅದರಲ್ಲಿ ಅಳಿಸುವಂಥದ್ದು ಸ್ವಲ್ಪವೇ. ಲೋಹದ ಬರೀ ತಗಡಿನ ಪ್ರತಿಫಲನವನ್ನೂ ಪೋಲರೈಸ್ಡ್ ಅಳಿಸುವುದಿಲ್ಲ. ಮಂಜಿನಲ್ಲಿ, ಮೋಡ ಕವಿದ ದಿನ ಇಡೀ ಆಕಾಶವೇ ದೀಪವಾಗಿರುವಾಗಲೂ ಅದರಿಂದ ಹೆಚ್ಚಿನ ಲಾಭವಿಲ್ಲ. ಅಲ್ಲಿ ಅದು ಬರೀ ಕಪ್ಪು ಗಾಜು.

ಮಳೆಗಾಲದಲ್ಲಿ ಒಂದು ಅಪಾಯವೂ ಇದೆ. ಐನ್‌ಮನೆಯ, ಅಂದರೆ ಕೊಡವರ ಮೂಲಮನೆಯ, ಮುಂದಿನ ಕಲ್ಲು ಮೆಟ್ಟಿಲುಗಳನ್ನು ನೆನೆಸಿಕೊಳ್ಳಿ. ಪಾಚಿ ಹಿಡಿದ ಮೆಟ್ಟಿಲು ಒದ್ದೆಯಾಗಿದೆ ಎಂದು ನಮಗೆ ಹೇಳುವುದೇ ಅದರ ಮಿನುಗು. ಪೋಲರೈಸ್ಡ್ ಹಾಕಿ ನೋಡಿದರೆ ಆ ಮಿನುಗು ಮಾಯ, ಮೆಟ್ಟಿಲು ಒಣಗಿದ ಹಾಗೆ ಮಟ್ಟಸವಾಗಿ ಕಾಣುತ್ತದೆ. ಕಾಲಿಟ್ಟ ಮೇಲೆಯೇ ತಿಳಿಯುವುದು. ಮಳೆಗಾಲದಲ್ಲಿ ಅಂಗಳ ದಾಟುವಾಗ ಪೋಲರೈಸ್ಡ್ ಬೇಡ ಎನ್ನುವುದು ನಮ್ಮ ಸಲಹೆ. ಮೆಟ್ಟಿಲಿನ ಅಂಚಿಗೆ ಐದು ಸೆಂಟಿಮೀಟರ್ ಅಗಲ ಹಳದಿ ಪೇಂಟು ಬಳಿದರೆ ಯಾವ ಗ್ಲಾಸಿಗಿಂತ ಹೆಚ್ಚು ಉಪಕಾರ.

ಪೋಲರೈಸ್ಡ್ ನಿಜವೋ ಸುಳ್ಳೋ ತಿಳಿಯಲು ಕಂಪ್ಯೂಟರ್ ಪರದೆಯ ಮುಂದೆ ಗ್ಲಾಸನ್ನು ಹಿಡಿದು ನಿಧಾನವಾಗಿ ತಿರುಗಿಸಿ. ಎಲ್ಲೋ ಒಂದು ಕೋನದಲ್ಲಿ ಪರದೆ ಕಪ್ಪಾಗಬೇಕು. ಇದೇ ಕಾರಣಕ್ಕೆ ಕೆಲವು ಮೊಬೈಲು ಈ ಗ್ಲಾಸಿನಲ್ಲಿ ಓದಲು ಆಗುವುದಿಲ್ಲ.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಗಾಜಿನ ಬಗ್ಗೆ ನಮಗೆ ಒಲವು ಕಡಿಮೆ. ಅದು ಕಪ್ಪಾಗುವುದು ಅತಿನೇರಳೆಯಿಂದ. ಕಾರಿನ ಮುಂದಿನ ಗಾಜು ಅದನ್ನು ತಡೆಯುವುದರಿಂದ ಎದುರು ಬಿಸಿಲಿಗೆ ಕಾರಿನೊಳಗೆ ಸಾಮಾನ್ಯ ಫೋಟೋಕ್ರೋಮಿಕ್ ತಿಳಿಯಾಗಿಯೇ ಉಳಿಯುತ್ತದೆ. ಫಿಟ್‌ಓವರ್ ಒಳಗಿದ್ದರೂ ಅಷ್ಟೇ. ಕಪ್ಪಾಗುವುದು ಬೇಗ, ತಿಳಿಯಾಗುವುದು ನಿಧಾನ, ಚಳಿಯಲ್ಲಿ ಇನ್ನೂ ಕಪ್ಪು, ಇನ್ನೂ ನಿಧಾನ. ಡಿಸೆಂಬರಿನ ಮಡಿಕೇರಿ ಬೆಳಗಿನಲ್ಲಿ ಬಿಸಿಲಿನಿಂದ ಒಳಮನೆಗೆ ಬಂದವರಿಗೆ ಗಾಜಿನ ಕತ್ತಲೆ, ಮನೆಯ ಕತ್ತಲೆ, ಕಣ್ಣಿನ ನಿಧಾನ ಮೂರೂ ಒಟ್ಟಿಗೆ ಎದುರಾಗುತ್ತವೆ. ಕೈಯಲ್ಲಿ ತೆಗೆಯಬಹುದಾದ ಗ್ಲಾಸು ಮೇಲು. ಯಾವ ಗ್ಲಾಸೇ ಇರಲಿ, ಹೊಸ್ತಿಲ ಬಳಿ ಒಂದೆರಡು ನಿಮಿಷ ಗೋಡೆ ಹಿಡಿದು ನಿಲ್ಲುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಯಾವ ಹೊತ್ತಿಗೆ ಯಾವುದು

ಒಂದೇ ಗ್ಲಾಸು ಕೊಡಗಿನ ಎಲ್ಲ ಬೆಳಕಿಗೂ ಆಗುವುದಿಲ್ಲ. ಎರಡಾದರೂ ಬೇಕು. ಕಣ, ಗದ್ದೆ, ಪೇಟೆಯ ರಸ್ತೆಗೆ ಕೆಟಗರಿ 3ರ ತಿಳಿಯಂಚಿನಲ್ಲಿರುವ, ಅಂದರೆ 15ರಿಂದ 18 ಪಾಲು ಬಿಡುವ ಕಂದು ಅಥವಾ ಬೂದುಗಂದು. ತೋಟದ ನೆರಳು, ಮಂಜು, ಮಳೆಮೋಡಕ್ಕೆ ಕೆಟಗರಿ 1ರ ಅಂಬರ್, 45ರಿಂದ 60 ಪಾಲು ಬಿಡುವಂಥದ್ದು. ಎರಡಕ್ಕೂ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡರೆ ಬದಲಿಸುವುದು ಸುಲಭ. ಒಂದೇ ಕೊಳ್ಳಲು ಸಾಧ್ಯ ಎನ್ನುವವರಿಗೆ ಕೆಟಗರಿ 2ರ ಕಂದು ಮತ್ತು ಅಗಲ ಟೋಪಿ. ಕೆಟಗರಿ 3ನ್ನು ಒಂದೇ ಆಗಿ ಕೊಳ್ಳಬೇಡಿ. ಸಿಲ್ವರ್ ಓಕ್ ನೆರಳಿಗೆ ಹೋದ ಕೂಡಲೇ ಬೇರುಗಳು ಕಾಣದಾಗುತ್ತವೆ. ತೋಟದೊಳಗೆ ಚುಕ್ಕಿಚುಕ್ಕಿಯಾಗಿ ಬೀಳುವ ಬಿಸಿಲೇ ದೊಡ್ಡ ಕಷ್ಟ, ಹೆಜ್ಜೆಹೆಜ್ಜೆಗೂ ಬೆಳಕು ಬದಲಾಗುತ್ತದೆ. ಅಲ್ಲಿ ತಿಳಿ ಅಂಬರ್ ಮತ್ತು ಟೋಪಿಗಿಂತ ಉತ್ತಮವಾದದ್ದಿಲ್ಲ. ಮೇಲೆ ಕಪ್ಪಾಗಿ ಕೆಳಗೆ ತಿಳಿಯಾಗುವ ಗ್ರೇಡಿಯಂಟ್ ಗಾಜೂ ತೋಟಕ್ಕೆ ಹೊಂದುತ್ತದೆ, ಕಾಲ ಬಳಿಯ ನೆಲ ಕಾಣುತ್ತದೆ. ಕಣಕ್ಕೆ ಮಾತ್ರ ಬೇಡ, ಅಲ್ಲಿ ಬೆಳಕು ಬರುವುದೇ ಕೆಳಗಿನಿಂದ.

ಮಡಿಕೇರಿಯಿಂದ ಬೆಳಿಗ್ಗೆ ಕುಶಾಲನಗರಕ್ಕೆ ಇಳಿಯುವವರಿಗೆ ಸೂರ್ಯ ಎದುರಿಗೆ, ಸಂಜೆ ವಾಪಸಾಗುವಾಗಲೂ ಎದುರಿಗೇ. ಹೋಗುವ ಹೊತ್ತನ್ನು ಒಂಬತ್ತರ ನಂತರಕ್ಕೆ, ಬರುವ ಹೊತ್ತನ್ನು ನಾಲ್ಕರ ಮೊದಲಿಗೆ ತಂದುಕೊಂಡರೆ ಗಾಜಿನ ಕೆಲಸ ಹಗುರ. ಕಾರಿನ ಮುಂದಿನ ಗಾಜಿನ ಒಳಮೈಯನ್ನು ವಾರಕ್ಕೊಮ್ಮೆ ಒರೆಸಿ. ಅಲ್ಲಿ ಕೂರುವ ತೆಳು ಪದರ ಎದುರು ಬಿಸಿಲಿಗೆ ಪೂರ್ತಿ ಬೆಳ್ಳಗಾಗುತ್ತದೆ.

ರಾತ್ರಿಗೆ ಬಣ್ಣದ ಗ್ಲಾಸು ಬೇಡ. ನೈಟ್ ಡ್ರೈವಿಂಗ್ ಎಂದು ಮಾರುವ ಹಳದಿ ಗ್ಲಾಸು ಎದುರು ಗಾಡಿಯ ದೀಪವನ್ನು ತಗ್ಗಿಸುವುದರ ಜೊತೆ ರಸ್ತೆ ಬದಿ ನಡೆಯುವವರನ್ನೂ ಮಸುಕು ಮಾಡುತ್ತದೆ. ಮಡಿಕೇರಿ ದಸರಾದಲ್ಲಿ ದೀಪಾಲಂಕಾರದ ಹತ್ತು ಮಂಟಪಗಳು, ಅಂದರೆ ದಶಮಂಟಪಗಳು, ಹೊರಡುವ ರಾತ್ರಿ ಮಾತ್ರ ಬೇರೆ; ಹೊಳೆಯುವ ಮಿಂಚುವ ದೀಪಗಳ ಮುಂದೆ ನಿಂತು ನೋಡುವಾಗ ತಿಳಿಹಳದಿ ಹಾಕಿಕೊಳ್ಳಬಹುದು, ನಡೆಯುವಾಗ ತೆಗೆದು ಯಾರದಾದರೂ ತೋಳು ಹಿಡಿಯಬೇಕು.

2019ರ ಡಿಸೆಂಬರ್ 26ರಂದು ದಕ್ಷಿಣ ಕೊಡಗಿನ ಕುಟ್ಟದ ಕಡೆ ಕಂಕಣ ಸೂರ್ಯಗ್ರಹಣ ನೋಡಲು ಜನ ಸೇರಿದ್ದು ನೆನಪಿರಬಹುದು. ಯಾವ ಕೆಟಗರಿಯ ಕೂಲಿಂಗ್ ಗ್ಲಾಸೂ ಸೂರ್ಯನನ್ನು ನೇರ ನೋಡುವುದಕ್ಕಲ್ಲ, ಎರಡು ಮೂರು ಒಟ್ಟಿಗೆ ಹಾಕಿದರೂ ಅಲ್ಲ. ಅಲ್ಲಿ ಸುಡುವುದು ಮ್ಯಾಕುಲಾವೇ. ಅದಕ್ಕೆ ಐಎಸ್‌ಒ 12312-2 ಎಂಬ ಬೇರೆಯೇ ಮಾನದಂಡದ ಫಿಲ್ಟರು ಬೇಕು.

ಗೀಚು ಬಿದ್ದ ಗಾಜು ತಾನೇ ಕೋರೈಸುತ್ತದೆ, ಆದ್ದರಿಂದ ಒರೆಸುವ ಕ್ರಮ ಮುಖ್ಯ. ಕಣದ ಧೂಳು, ಕಾಫಿ ಹೊಟ್ಟು ಗಾಜಿನ ಮೇಲಿರುವಾಗ ಒಣಬಟ್ಟೆಯಲ್ಲಿ ಉಜ್ಜಿದರೆ ಮುಗಿಯಿತು. ಮೊದಲು ನಲ್ಲಿ ನೀರು, ಆಮೇಲೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ, ಮತ್ತೆ ನೀರು, ಕೊನೆಗೆ ಮೆತ್ತನೆ ಹತ್ತಿ ಬಟ್ಟೆ. ಅಂಗಿಯ ತುದಿ, ಸೆರಗು ಬೇಡ. ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿಟ್ಟರೆ ಪೋಲರೈಸ್ಡ್ ಪದರ ಏಳುತ್ತದೆ, ಲೇಪ ಬಿರಿಯುತ್ತದೆ. ಮಳೆಗಾಲದಲ್ಲಿ ಬಟ್ಟೆಯ ಒಳಮೈ ಇರುವ ಪೆಟ್ಟಿಗೆಗೆ ಬೂಸ್ಟು ಹಿಡಿಯುತ್ತದೆ. ಒದ್ದೆ ಗ್ಲಾಸನ್ನು ಹಾಗೇ ಮುಚ್ಚಿಡಬೇಡಿ, ಪೆಟ್ಟಿಗೆಯಲ್ಲಿ ಒಂದು ಪುಟ್ಟ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಗ್ಲಾಸು ಹಿತವಾಯಿತೆಂದು ಕಣ್ಣಿನ ಪರೀಕ್ಷೆ ನಿಲ್ಲಿಸಬಾರದು. ಮನೆಯಲ್ಲಿ ಆ್ಯಮ್ಸ್ಲರ್ ಚಾರ್ಟ್ ಇರಲಿ: 10 ಸೆಂಟಿಮೀಟರ್ ಚೌಕ, ಒಳಗೆ 5 ಮಿಲಿಮೀಟರಿನ ಮನೆಗಳು, ನಡುವೆ ಚುಕ್ಕೆ. ಕೂಲಿಂಗ್ ಗ್ಲಾಸ್ ತೆಗೆದು, ಚಾಳೀಸು ಹಾಕಿ, 30 ಸೆಂಟಿಮೀಟರ್ ದೂರದಲ್ಲಿ ಹಿಡಿದು ಒಂದೊಂದೇ ಕಣ್ಣಿನಿಂದ ನೋಡಿ. ಹೊಸದಾಗಿ ಗೆರೆ ಅಲೆಯಾದರೆ, ನಡುವೆ ಹೊಸ ಕಲೆ ಬಂದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ, ಕೂಡಲೇ ರೆಟಿನಾ ಡಾಕ್ಟರ ಹತ್ತಿರ ಹೋಗಿ.

ಕಣ್ಣಿನ ತಪಾಸಣೆಗೆ ಮೈಸೂರಿಗೆ ಹೋಗುವುದಾದರೆ ಕಪ್ಪಗಿರುವ ಗ್ಲಾಸು, ಟೋಪಿ ಎರಡೂ ಚೀಲದಲ್ಲಿರಲಿ. ಪಾಪೆ ಅರಳಿಸುವ ಹನಿ ಹಾಕಿದರೆ ಅದು ಇಳಿಯಲು ನಾಲ್ಕಾರು ಗಂಟೆ ಬೇಕು, ಮಡಿಕೇರಿಗೆ ಮರಳುವ ಸುಮಾರು 120 ಕಿಲೋಮೀಟರ್ ಉದ್ದಕ್ಕೂ ಸಂಜೆಯ ಸೂರ್ಯ ಬಸ್ಸಿನ ಮುಂದೆಯೇ ಇರುತ್ತಾನೆ. ಮುಂದಿನ ಸೀಟು ಬೇಡ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಬಿಸಿಲು ಬಸ್ಸಿನ ಎಡಕ್ಕೆ ಬೀಳುವುದರಿಂದ ಬಲಗಡೆ ಕೂರಿ. ಮೇ, ಜೂನ್, ಜುಲೈನಲ್ಲಿ ಎಡಗಡೆ.